ಆಕಾಶಕ್ಕೆ ಲೆಕ್ಕ ಬರೆದ ಮೂವರು ಉಪಾಧ್ಯಾಯಿನಿಯರು

ಮನುಷ್ಯರಿಗೆ ಇರುವಂತೆ ಮಾತುಗಳಿಗೂ ವರ್ಗಾವಣೆ ಉಂಟು. ‘ಗಣಕ’ ಎಂಬ ಶಬ್ದವನ್ನೇ ತೆಗೆದುಕೊಳ್ಳಿ. ಇಂದು ಅದನ್ನು ಕೇಳಿದೊಡನೆ ತಮ್ಮ ಕಣ್ಣ ಮುಂದೆ ನಿಲ್ಲುವುದು ಒಂದು ಯಂತ್ರ. ಸಂಸ್ಕೃತದಲ್ಲಿ ಗಣಕನೆಂದರೆ ಎಣಿಸುವವನು, ಲೆಕ್ಕ ಬಲ್ಲವನು, ಗ್ರಹಗತಿಯನ್ನು ಗುಣಿಸಿ ಹೇಳುವ ಜೋಯಿಸ. ಇಂಗ್ಲಿಷಿನ ‘ಕಂಪ್ಯೂಟರ್’ ಎಂಬ ಮಾತಿನ ಕಥೆಯೂ ಇದೇ. ಇಪ್ಪತ್ತನೆಯ ಶತಮಾನದ ನಡುಗಾಲದವರೆಗೂ ಅದು ಮುಖ್ಯವಾಗಿ ಒಂದು ಉದ್ಯೋಗದ ಹೆಸರಾಗಿತ್ತು. ಮೇಜಿನ ಮುಂದೆ ಕುಳಿತು ಬೆಳಗಿನಿಂದ ಸಂಜೆಯವರೆಗೆ ಕೂಡುವ, ಗುಣಿಸುವ, ವರ್ಗಮೂಲ ತೆಗೆಯುವ ನೌಕರರನ್ನು ಆ ಹೆಸರಿನಿಂದ ಕರೆಯುತ್ತಿದ್ದರು. ಅಂಥ ನೌಕರರಲ್ಲಿ ಬಹುಮಂದಿ ಹೆಂಗಸರು.

ಆ ಉದ್ಯೋಗದಲ್ಲಿದ್ದ ಮೂವರ ವಿಷಯವನ್ನು ವಾಚಕರ ಮುಂದೆ ಇಡುವುದು ಈ ಲೇಖನದ ಉದ್ದೇಶ. ಡೊರೊಥಿ ವಾನ್, ಮೇರಿ ಜ್ಯಾಕ್ಸನ್, ಕ್ಯಾಥರೀನ್ ಜಾನ್ಸನ್ ಎಂಬುವು ಅವರ ಹೆಸರುಗಳು. ಮೂವರೂ ಅಮೆರಿಕ ಸಂಯುಕ್ತ ಸಂಸ್ಥಾನದ ಕಪ್ಪು ಜನಾಂಗಕ್ಕೆ ಸೇರಿದವರು. ಮೂವರೂ ಮೊದಲು ಶಾಲೆಗಳಲ್ಲಿ ಪಾಠ ಹೇಳುತ್ತಿದ್ದವರು. ೨೦೧೬ರಲ್ಲಿ ಇವರನ್ನು ಕುರಿತ ಪುಸ್ತಕವೂ ಚಲನಚಿತ್ರವೂ ಹೊರಬಂದ ಮೇಲೆ ಇವರ ಹೆಸರು ಲೋಕಕ್ಕೆಲ್ಲ ಪರಿಚಿತವಾಯಿತು. ಅಲ್ಪಸಂಖ್ಯಾತರೊಬ್ಬರು ವಿಜ್ಞಾನದಲ್ಲೋ ಎಂಜಿನಿಯರಿಂಗಿನಲ್ಲೋ ದೊಡ್ಡದನ್ನು ಸಾಧಿಸಿದಾಗ ಹಾರ ಹಾಕುವುದು, ಭಾಷಣ ಮಾಡುವುದು ಎಲ್ಲ ಕಡೆಯೂ ಇರುವ ಪದ್ಧತಿ. ಹಾಗೆ ಕೊಂಡಾಡುವಾಗ ನಿಜವಾಗಿ ಕೊಂಡಾಡಬೇಕಾದದ್ದು ಯಾವುದು? ಈ ಮೂವರ ಜೀವನ ಆ ಪ್ರಶ್ನೆಗೆ ಉತ್ತರ ಕೊಡುತ್ತದೆ.

ಮೊದಲು ದೇಶಕಾಲಗಳ ಪರಿಚಯ ಆವಶ್ಯಕ. ಆಫ್ರಿಕದಿಂದ ಗುಲಾಮರನ್ನಾಗಿ ತಂದ ಜನರ ಸಂತತಿಯವರು ಅಮೆರಿಕದ ಕಪ್ಪು ಜನರು. ೧೯೫೦ರ ಜನಗಣತಿಯಂತೆ ಅವರು ಆ ದೇಶದ ಜನಸಂಖ್ಯೆಯಲ್ಲಿ ನೂರಕ್ಕೆ ಹತ್ತರಷ್ಟಿದ್ದರು. ೧೮೬೫ರಲ್ಲಿ ಗುಲಾಮಗಿರಿ ಕಾನೂನಿನಿಂದ ತೊಲಗಿತು. ಆದರೆ ಸಮಾನತೆ ಬರಲಿಲ್ಲ. ಕಪ್ಪು ಜನರಿಗೆ ಪ್ರತ್ಯೇಕ ವ್ಯವಸ್ಥೆ ಮಾಡಿದರೂ ಅದು ಸಮಾನವಾಗಿದ್ದರೆ ಸಾಕು ಎಂದು ೧೮೯೬ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ದಕ್ಷಿಣದ ರಾಜ್ಯಗಳು ಆ ತೀರ್ಪಿನ ಮೊದಲರ್ಧವನ್ನು ಚಾಚೂ ತಪ್ಪದೆ ಪಾಲಿಸಿದುವು, ಉತ್ತರಾರ್ಧವನ್ನು ಮರೆತುವು. ಶಾಲೆ ಬೇರೆ, ರೈಲುಡಬ್ಬಿ ಬೇರೆ, ಆಸ್ಪತ್ರೆಯ ವಾರ್ಡು ಬೇರೆ, ಕುಡಿಯುವ ನೀರಿನ ಕೊಳಾಯಿಯೂ ಬೇರೆ. ಬೇರೆಯಾದದ್ದು ಕೀಳಾಗಿಯೂ ಇರುತ್ತಿತ್ತು ಎಂಬುದನ್ನು ಹೇಳಬೇಕಾಗಿಲ್ಲ.

ಇಂಥ ರಾಜ್ಯಗಳಲ್ಲಿ ಒಂದಾದ ವರ್ಜೀನಿಯದ ಹ್ಯಾಂಪ್ಟನ್ ಎಂಬ ಊರಿನಲ್ಲಿ ೧೯೧೭ರಲ್ಲಿ ಲ್ಯಾಂಗ್ಲಿ ಪ್ರಯೋಗಾಲಯ ಸ್ಥಾಪಿತವಾಯಿತು. ವಿಮಾನಶಾಸ್ತ್ರವನ್ನು ಬೆಳೆಸುವುದಕ್ಕೆಂದು ಸರ್ಕಾರ ನೇಮಿಸಿದ್ದ ರಾಷ್ಟ್ರೀಯ ಸಲಹಾ ಸಮಿತಿಗೆ ಸೇರಿದ ಪ್ರಯೋಗಾಲಯ ಅದು. ೧೯೫೮ರಲ್ಲಿ ಆ ಸಮಿತಿಯೇ ‘ನಾಸಾ’ ಎಂಬ ಬಾಹ್ಯಾಕಾಶ ಸಂಸ್ಥೆಯಾಯಿತು. ೧೯೩೫ರಲ್ಲಿ ಲ್ಯಾಂಗ್ಲಿಯವರು ಲೆಕ್ಕದ ಕೆಲಸಕ್ಕಾಗಿ ಹೆಂಗಸರ ಒಂದು ಗುಂಪನ್ನು ನೇಮಿಸಿಕೊಂಡರು. ಅವರೆಲ್ಲ ಬಿಳಿಯರು. ಎರಡನೆಯ ಮಹಾಯುದ್ಧ ಬಂತು. ವಿಮಾನಗಳ ಬೇಡಿಕೆ ಏರಿತು. ಜನ ಸಾಲದೆ ಹೋಯಿತು. ಇತ್ತ ಕಪ್ಪು ಕಾರ್ಮಿಕರ ಮುಂದಾಳಾದ ಫಿಲಿಪ್ ರ್‍ಯಾಂಡಾಲ್ಫ್ ಅವರು, ರಕ್ಷಣಾ ಕೈಗಾರಿಕೆಗಳಲ್ಲಿ ತಮ್ಮವರಿಗೆ ಕೆಲಸ ಕೊಡದಿದ್ದರೆ ರಾಜಧಾನಿಗೆ ದಂಡೆತ್ತಿದಂತೆ ಮೆರವಣಿಗೆ ಬರುವೆವೆಂದು ಪಟ್ಟು ಹಿಡಿದರು. ಅಧ್ಯಕ್ಷ ರೂಸ್‌ವೆಲ್ಟ್ ೧೯೪೧ರಲ್ಲಿ ಆ ಭೇದವನ್ನು ನಿಷೇಧಿಸುವ ಆಜ್ಞೆ ಹೊರಡಿಸಿದರು. ಲ್ಯಾಂಗ್ಲಿಯ ಬಾಗಿಲು ೧೯೪೩ರಲ್ಲಿ ಕಪ್ಪು ಹೆಂಗಸರಿಗೆ ತೆರೆದದ್ದು ಹೀಗೆ. ಅಲ್ಲಿಯವರೆಗೆ ಲೆಕ್ಕ ಬಲ್ಲವರು ಅವರಲ್ಲಿ ಇರಲಿಲ್ಲವೆಂದಲ್ಲ, ಕರೆಯುವವರು ಇರಲಿಲ್ಲ.

ತೆರೆದ ಬಾಗಿಲೂ ಪೂರ್ತಿ ತೆರೆಯಲಿಲ್ಲ. ಆವರಣದ ಪಶ್ಚಿಮ ಭಾಗದಲ್ಲಿ ಅವರಿಗೆ ಪ್ರತ್ಯೇಕ ಕಚೇರಿ. ಊಟದ ಮನೆಯಲ್ಲಿ ಪ್ರತ್ಯೇಕ ಮೇಜು, ಅದರ ಮೇಲೆ ಇದು ಕಪ್ಪು ಗಣಕರ ಮೇಜು ಎಂದು ಸೂಚಿಸುವ ಹಲಗೆ. ಮಿರಿಯಮ್ ಮಾನ್ ಎಂಬಾಕೆ ಒಂದು ದಿನ ಆ ಹಲಗೆಯನ್ನು ತೆಗೆದು ಕೈಚೀಲಕ್ಕೆ ಹಾಕಿಕೊಂಡರು. ಮತ್ತೊಂದು ಬಂದು ಕುಳಿತಿತು. ಅದೂ ಕೈಚೀಲ ಸೇರಿತು. ಹೀಗೆ ಎಷ್ಟೋ ಸಲ ನಡೆದ ಮೇಲೆ ಹಲಗೆ ಇಡುವವರೇ ಸೋತು ಸುಮ್ಮನಾದರು.

ಅಲ್ಲಿ ನಡೆಯುತ್ತಿದ್ದ ಲೆಕ್ಕವಾದರೂ ಯಾವುದು? ಹಾರುವ ವಿಮಾನದ ಸುತ್ತ ಗಾಳಿ ಹೇಗೆ ಹರಿಯುತ್ತದೆಂಬುದನ್ನು ನೆಲದ ಮೇಲೆಯೇ ತಿಳಿದುಕೊಳ್ಳಬೇಕು. ನಿಂತ ಗಾಳಿಯಲ್ಲಿ ವಿಮಾನ ಓಡಿದರೂ ಒಂದೇ, ನಿಂತ ವಿಮಾನದ ಮೇಲೆ ಗಾಳಿ ಓಡಿದರೂ ಒಂದೇ. ಆದುದರಿಂದ ಒಂದು ದೊಡ್ಡ ಕೊಳವೆಯೊಳಗೆ ವಿಮಾನದ ಸಣ್ಣ ಮಾದರಿಯನ್ನು ಬಿಗಿದು, ಅದರ ಮೇಲೆ ಬಿರುಗಾಳಿಯನ್ನು ಹರಿಸುತ್ತಾರೆ. ಇದಕ್ಕೆ ವಾಯುಸುರಂಗವೆಂದು ಹೆಸರು. ಮಾದರಿಯ ಮೈಮೇಲೆ ಸೂಜಿಮೊನೆಯಷ್ಟು ರಂಧ್ರಗಳು. ಒಂದೊಂದಕ್ಕೂ ಒಂದೊಂದು ನಳಿಗೆ. ಆ ನಳಿಗೆಗಳು ಗಾಳಿಯ ಒತ್ತಡವನ್ನು ಅಳತೆಯ ಉಪಕರಣಗಳಿಗೆ ಮುಟ್ಟಿಸುತ್ತವೆ. ಒಂದು ಪ್ರಯೋಗ ಮುಗಿಯುವಷ್ಟರಲ್ಲಿ ನೂರಾರು ಅಂಕಿಗಳು ರಾಶಿ ಬೀಳುತ್ತವೆ. ಅವನ್ನು ಓದಿ ಕೋಷ್ಟಕಗಳಲ್ಲಿ ತುಂಬಬೇಕು. ಮೂರನೆಯ ಸಾಲನ್ನು ಐದನೆಯದರಿಂದ ಗುಣಿಸಿ ಏಳರಲ್ಲಿ ಬರೆಯಬೇಕು. ಕೊನೆಗೆ ರೇಖಾಚಿತ್ರ ಎಳೆಯಬೇಕು. ಸಹಾಯಕ್ಕೆ ಗುಂಡಿ ಒತ್ತುವ ಲೆಕ್ಕದ ಯಂತ್ರ. ಒಂದು ದಶಾಂಶ ಬಿಂದು ಜರುಗಿದರೆ ಅಷ್ಟು ದಿನದ ಪ್ರಯೋಗ ವ್ಯರ್ಥ. ಅದನ್ನೇ ನಂಬಿ ರೆಕ್ಕೆ ಕಟ್ಟಿದರೆ ಹಾರುವವನ ಪ್ರಾಣಕ್ಕೇ ಸಂಚಕಾರ.

ಆ ಪಶ್ಚಿಮದ ಕಚೇರಿಗೆ ೧೯೪೩ರಲ್ಲಿ ಬಂದವರು ಡೊರೊಥಿ ವಾನ್. ಹುಟ್ಟಿದ್ದು ೧೯೧೦ರಲ್ಲಿ, ಹತ್ತೊಂಬತ್ತನೆಯ ವಯಸ್ಸಿಗೇ ಪದವೀಧರೆ. ವರ್ಜೀನಿಯದ ಫಾರ್ಮ್‌ವಿಲ್ ಎಂಬ ಊರಿನಲ್ಲಿ ಕಪ್ಪು ಮಕ್ಕಳ ಹೈಸ್ಕೂಲಾದ ಮೋಟನ್ ಶಾಲೆಯಲ್ಲಿ ಗಣಿತದ ಉಪಾಧ್ಯಾಯಿನಿಯಾಗಿದ್ದರು. ಯುದ್ಧ ಮುಗಿದ ಮೇಲೆಯೂ ಲ್ಯಾಂಗ್ಲಿಯಲ್ಲೇ ಉಳಿದು, ೧೯೪೯ರಲ್ಲಿ ಆ ಕಚೇರಿಯ ಮುಖ್ಯಸ್ಥೆಯಾದರು. ಆ ಸಂಸ್ಥೆಯಲ್ಲಿ ಕಪ್ಪು ಜನರೊಬ್ಬರು ಮೇಲ್ವಿಚಾರಣೆಯ ಹುದ್ದೆಗೇರಿದ್ದು ಅದೇ ಮೊದಲು. ಮುಂದೆ ವಿದ್ಯುನ್ಮಾನ ಯಂತ್ರಗಳು ಬರತೊಡಗಿದಾಗ, ಇನ್ನು ತಮ್ಮವರ ಕೆಲಸ ಯಂತ್ರದ ಪಾಲಾಗುವುದೆಂದು ಅವರು ಕೊರಗುತ್ತ ಕೂರಲಿಲ್ಲ. ಯಂತ್ರಕ್ಕೆ ಆಜ್ಞೆ ಕೊಡುವ ಫೋರ್‌ಟ್ರಾನ್ ಭಾಷೆಯನ್ನು ತಾವು ಕಲಿತರು, ಇತರರಿಗೂ ಕಲಿಸಿದರು. ೧೯೫೮ರಲ್ಲಿ ಪ್ರತ್ಯೇಕ ಕಚೇರಿ ರದ್ದಾದಾಗ ಅಲ್ಲಿನವರು ಸಂಸ್ಥೆಯ ಇತರ ಶಾಖೆಗಳಿಗೆ ಹಂಚಿಹೋದರು. ಡೊರೊಥಿಯವರು ಯಂತ್ರಗಣನೆಯ ಶಾಖೆಯನ್ನು ಸೇರಿದರು.

ಮೇರಿ ಜ್ಯಾಕ್ಸನ್ ಅದೇ ಹ್ಯಾಂಪ್ಟನ್ ಊರಿನ ಮಗಳು, ಹುಟ್ಟಿದ್ದು ೧೯೨೧ರಲ್ಲಿ. ಗಣಿತ, ಭೌತವಿಜ್ಞಾನಗಳಲ್ಲಿ ಪದವಿ ಪಡೆದು, ಮೇರಿಲ್ಯಾಂಡಿನ ಒಂದು ಶಾಲೆಯಲ್ಲಿ ಪಾಠ ಹೇಳಿ, ೧೯೫೧ರಲ್ಲಿ ಲ್ಯಾಂಗ್ಲಿಗೆ ಬಂದರು. ಎರಡು ವರ್ಷಗಳ ತರುವಾಯ ಕಾಜಿಮಿಯೆಜ್ ಚಾರ್ನೆಟ್ಸ್ಕಿ ಎಂಬ ಎಂಜಿನಿಯರು ಅವರನ್ನು ತಮ್ಮ ವಾಯುಸುರಂಗಕ್ಕೆ ಕರೆಸಿಕೊಂಡರು. ನಾಲ್ಕಡಿ ಅಗಲ, ನಾಲ್ಕಡಿ ಎತ್ತರದ ಆ ಸುರಂಗಕ್ಕೆ ೬೦,೦೦೦ ಅಶ್ವಶಕ್ತಿ. ಅಲ್ಲಿ ಗಾಳಿ ಶಬ್ದಕ್ಕಿಂತ ಹೆಚ್ಚುಕಡಮೆ ಇಮ್ಮಡಿ ವೇಗದಲ್ಲಿ ಓಡುತ್ತಿತ್ತು. ಈಕೆಯ ಚುರುಕನ್ನು ಕಂಡ ಅವರು, ಲೆಕ್ಕದಲ್ಲೇ ಏಕೆ ನಿಲ್ಲಬೇಕು, ಎಂಜಿನಿಯರ್ ಆಗಬಾರದೆ, ಎಂದು ಪ್ರೋತ್ಸಾಹಿಸಿದರು.

ಆಗಬಹುದಿತ್ತು, ಅದಕ್ಕೆ ಮೇಲುದರ್ಜೆಯ ಗಣಿತ, ಭೌತವಿಜ್ಞಾನಗಳ ಪಾಠ ಆಗಬೇಕಿತ್ತು. ಆ ಪಾಠಗಳನ್ನು ವರ್ಜೀನಿಯ ವಿಶ್ವವಿದ್ಯಾನಿಲಯದವರು ಸಂಜೆಯ ಹೊತ್ತು ಹ್ಯಾಂಪ್ಟನ್ ಹೈಸ್ಕೂಲಿನ ಕಟ್ಟಡದಲ್ಲಿ ನಡೆಸುತ್ತಿದ್ದರು. ಅದು ಬಿಳಿಯರ ಶಾಲೆ. ಶಬ್ದದ ವೇಗವನ್ನು ಮೀರಿದ ಗಾಳಿಯೊಡನೆ ಹಗಲೆಲ್ಲ ಕೆಲಸ ಮಾಡುವ ಹೆಂಗಸು, ಸಂಜೆ ತನ್ನ ಊರಿನ ಶಾಲೆಯ ಬೆಂಚಿನ ಮೇಲೆ ಕೂರುವುದಕ್ಕೆ ಪುರಾಡಳಿತದ ವಿಶೇಷ ಅಪ್ಪಣೆ ಬೇಡಬೇಕಾಯಿತು. ಅಪ್ಪಣೆ ದೊರೆಯಿತು, ಪಾಠ ಮುಗಿಯಿತು, ೧೯೫೮ರಲ್ಲಿ ಆಕೆ ನಾಸಾದ ಮೊಟ್ಟಮೊದಲ ಕಪ್ಪು ಮಹಿಳಾ ಎಂಜಿನಿಯರ್ ಆದರು.

ಅದೇ ವರ್ಷ ಚಾರ್ನೆಟ್ಸ್ಕಿಯವರೊಡನೆ ಅವರು ಬರೆದ ಮೊದಲ ವರದಿ ಪ್ರಕಟವಾಯಿತು. ಅದರ ವಿಷಯವನ್ನು ತಮ್ಮ ಬಚ್ಚಲಮನೆಯಲ್ಲಿಯೇ ಕಾಣಬಹುದು. ಕೊಳಾಯಿಯನ್ನು ಕೊಂಚವೇ ತಿರುಗಿಸಿ: ನೀರು ಗಾಜಿನ ಕಡ್ಡಿಯಂತೆ ನಯವಾಗಿ ಇಳಿಯುತ್ತದೆ. ಇನ್ನಷ್ಟು ತಿರುಗಿಸಿ: ಧಾರೆ ಕದಡಿ ಒರಟಾಗುತ್ತದೆ. ವಿಮಾನದ ಮೈಗೆ ಅಂಟಿ ಹರಿಯುವ ಗಾಳಿಯ ತೆಳುಪದರವೂ ಹಾಗೆಯೇ ಮೂತಿಯ ಬಳಿ ನಯವಾಗಿದ್ದು ಮುಂದೆ ಎಲ್ಲಿಯೋ ಕದಡುತ್ತದೆ. ಕದಡಿದ ಕಡೆಯಿಂದ ತಿಕ್ಕಾಟವೂ ಹೆಚ್ಚು, ಕಾವೂ ಹೆಚ್ಚು. ಮೂತಿ ಎಷ್ಟು ಚೂಪಾಗಿದ್ದರೆ, ವೇಗ ಎಷ್ಟಿದ್ದರೆ, ಆ ಕದಡು ಎಲ್ಲಿ ಆರಂಭವಾಗುತ್ತದೆಂಬುದನ್ನು ಶಂಕುವಿನಾಕಾರದ ಮಾದರಿಗಳ ಮೇಲೆ ಅವರು ಅಳೆದು ನೋಡಿದರು.

ಕ್ಯಾಥರೀನ್ ಜಾನ್ಸನ್ ಹುಟ್ಟಿದ್ದು ೧೯೧೮ರಲ್ಲಿ, ಪಶ್ಚಿಮ ವರ್ಜೀನಿಯದ ವೈಟ್ ಸಲ್ಫರ್ ಸ್ಪ್ರಿಂಗ್ಸ್ ಎಂಬಲ್ಲಿ. ಆ ಸೀಮೆಯಲ್ಲಿ ಕಪ್ಪು ಮಕ್ಕಳಿಗೆ ಎಂಟನೆಯ ತರಗತಿಯಿಂದಾಚೆಗೆ ಶಾಲೆಯೇ ಇರಲಿಲ್ಲ. ತಂದೆ ಶ್ರೀಮಂತನಲ್ಲ, ದುಡಿದು ತಿನ್ನುವವನು. ಆತ ನೂರು ಮೈಲಿಗೂ ಮೀರಿ ದೂರವಿದ್ದ ಇನ್ಸ್‌ಟಿಟ್ಯೂಟ್ ಎಂಬ ಊರಿನಲ್ಲಿ, ಕಪ್ಪು ಜನರ ಕಾಲೇಜಿನ ಮಗ್ಗುಲಲ್ಲಿ, ಮಕ್ಕಳಿಗಾಗಿ ಸಂಸಾರ ಹೂಡಿದ. ಹತ್ತನೆಯ ವಯಸ್ಸಿಗೆ ಹೈಸ್ಕೂಲು ಸೇರಿದ ಹುಡುಗಿ ೧೯೩೭ರಲ್ಲಿ, ಹದಿನೆಂಟನೆಯ ವಯಸ್ಸಿಗೆ, ಪದವೀಧರೆಯಾದಳು. ಕಾಲೇಜಿನಲ್ಲಿ ಕ್ಲೇಟರ್ ಎಂಬ ಗಣಿತಾಧ್ಯಾಪಕರಿದ್ದರು. ಅಮೆರಿಕದಲ್ಲಿ ಗಣಿತದ ಡಾಕ್ಟರೇಟ್ ಪಡೆದ ಮೂರನೆಯ ಕಪ್ಪು ಮನುಷ್ಯ. ಕಾಲೇಜಿನಲ್ಲಿದ್ದ ಗಣಿತದ ಪಾಠಗಳೆಲ್ಲ ಈಕೆಗೆ ಮುಗಿದುಹೋಗಲು, ಅವರು ಮೂರು ಆಯಾಮಗಳ ವಿಶ್ಲೇಷಕ ರೇಖಾಗಣಿತದ ಹೊಸ ಪಾಠವೊಂದನ್ನು ಈಕೆಗಾಗಿಯೇ ಸಿದ್ಧಪಡಿಸಿ ಹೇಳಿಕೊಟ್ಟರು. ಒಬ್ಬ ವಿದ್ಯಾರ್ಥಿನಿಗಾಗಿ ಒಂದು ಪಾಠಕ್ರಮ! ಮುಂದೆ ಬಾಹ್ಯಾಕಾಶದ ಹಾದಿಗೆ ಬೇಕಾದ ಗಣಿತವೂ ಅದೇ ಜಾತಿಯದು. ಪದವಿಯ ಬಳಿಕ ಶಾಲೆಯಲ್ಲಿ ಪಾಠ ಹೇಳಿ, ಸಂಸಾರ ನಡೆಸಿ, ಮೂವತ್ತೈದನೆಯ ವಯಸ್ಸಿನ ಹೊತ್ತಿಗೆ, ೧೯೫೩ರಲ್ಲಿ, ಆಕೆ ಲ್ಯಾಂಗ್ಲಿಗೆ ಬಂದರು. ಮೊದಲು ಡೊರೊಥಿಯವರ ಕಚೇರಿ. ಎರಡು ವಾರ ಕಳೆಯುವಷ್ಟರಲ್ಲಿ ವಿಮಾನಹಾರಾಟದ ಸಂಶೋಧನಾ ಶಾಖೆ.

ಅವರು ಬಿಡಿಸಿದ ಲೆಕ್ಕದ ಸ್ವರೂಪ ಇಂತಿದೆ. ಪಂಚಾಂಗ ನೋಡಿದವರಿಗೆ ಅಕ್ಷಾಂಶ, ರೇಖಾಂಶ, ದಿಗಂಶಗಳ ಪರಿಚಯ ಇದ್ದೇ ಇರುತ್ತದೆ. ನೆಲದಿಂದ ಸುಮಾರು ನೂರೈವತ್ತು ಮೈಲಿ ಎತ್ತರದಲ್ಲಿ ಸುತ್ತುವ ನೌಕೆಗೆ ಒಂದು ಪ್ರದಕ್ಷಿಣೆಗೆ ಸುಮಾರು ೮೮ ನಿಮಿಷ ಬೇಕು. ಅಷ್ಟರಲ್ಲಿ ಕೆಳಗಿನ ಭೂಮಿ ಸುಮ್ಮನಿರುವುದಿಲ್ಲ. ಗಂಟೆಗೆ ೧೫ ಅಂಶದಂತೆ ಪೂರ್ವಕ್ಕೆ ತಿರುಗುತ್ತದೆ. ಆದ್ದರಿಂದ ಎರಡನೆಯ ಸುತ್ತಿನಲ್ಲಿ ನೌಕೆ ಮೊದಲಿನ ಊರಿನ ಮೇಲೆ ಬರದೆ, ಸುಮಾರು ೨೨ ಅಂಶ ಪಶ್ಚಿಮಕ್ಕೆ ಸರಿದು ಹೋಗುತ್ತದೆ. ಜೊತೆಗೆ ಭೂಮಿ ಪೂರ್ತಿ ಗುಂಡಗಿಲ್ಲ. ಅದರ ಪರಿಣಾಮವನ್ನೂ ಹಿಡಿಯಬೇಕು. ಇಷ್ಟೆಲ್ಲದರ ನಡುವೆ ನೌಕೆ ಇಂಥ ಸುತ್ತಿನಲ್ಲಿ ಇಂಥ ಜಾಗದ ಮೇಲೆಯೇ ಹಾಯಬೇಕಾದರೆ, ರಾಕೆಟ್ಟಿನ ಇಂಧನ ಉರಿದು ಮುಗಿದ ಕ್ಷಣದಲ್ಲಿ ಅದರ ಮುಖ ಯಾವ ದಿಕ್ಕಿಗಿರಬೇಕು? ಎಂದರೆ ಉತ್ತರ ಗೊತ್ತು, ಅಲ್ಲಿಂದ ಹಿಂದಕ್ಕೆ ನಡೆದು ಪ್ರಶ್ನೆಯನ್ನು ಕಂಡುಹಿಡಿಯಬೇಕು. ಟೆಡ್ ಸ್ಕೋಪಿನ್‌ಸ್ಕಿಯವರೊಡನೆ ಕ್ಯಾಥರೀನ್ ಇದರ ಸಮೀಕರಣಗಳನ್ನು ಬರೆದು ೧೯೬೦ರಲ್ಲಿ ಪ್ರಕಟಿಸಿದರು. ಆ ಶಾಖೆಯ ವರದಿಯ ಮೇಲೆ ಲೇಖಕಿಯಾಗಿ ಹೆಂಗಸೊಬ್ಬರ ಹೆಸರು ಬಂದದ್ದು ಅದೇ ಮೊದಲು.

೧೯೬೨ರ ಫೆಬ್ರವರಿ ೨೦ರಂದು ಜಾನ್ ಗ್ಲೆನ್ ಭೂಮಿಯನ್ನು ಮೂರು ಸಲ ಸುತ್ತಿ ಬಂದರು. ಅವರ ಹಾದಿಯನ್ನು ಲೆಕ್ಕಹಾಕಿದ್ದು ಹೊಸ ಯಂತ್ರಗಣಕ. ಯಂತ್ರ ಹೇಳಿದ ಅಂಕಿಗಳನ್ನು ಆ ಹೆಂಗಸು ಕೈಯಾರೆ ಮಾಡಿ ತಾಳೆ ನೋಡಲಿ, ಆಕೆ ಸರಿಯೆಂದರೆ ತಾನು ಹೊರಡಲು ಸಿದ್ಧ ಎಂದು ಗ್ಲೆನ್ ಕೇಳಿಕೊಂಡರಂತೆ. ಕ್ಯಾಥರೀನ್ ಅವರು ಅಂಕಿ ಅಂಕಿಯನ್ನೂ ಮೇಜಿನ ಮೇಲಿನ ಲೆಕ್ಕದ ಯಂತ್ರದಲ್ಲಿ ಗುಣಿಸಿ ಸರಿನೋಡಿದರು. ಸರಿಹೋಯಿತು. ಪದ ಮನುಷ್ಯರಿಂದ ಯಂತ್ರಕ್ಕೆ ವರ್ಗವಾಗುತ್ತಿದ್ದ ಕಾಲದಲ್ಲಿ, ಹೊಸ ಗಣಕಕ್ಕೆ ಹಳೆಯ ಗಣಕರೇ ಜಾಮೀನು ನಿಂತರು.

ಇಷ್ಟನ್ನು ಕೇಳಿದ ಮೇಲೆ ಸಾಮಾನ್ಯವಾಗಿ ಹೊರಡುವ ಉದ್ಗಾರ ಯಾವುದು? ಎಷ್ಟೇ ಅಡ್ಡಿಯಿರಲಿ, ಪ್ರತಿಭೆ ಮೇಲಕ್ಕೆ ಬಂದೇ ಬರುತ್ತದೆ ಎಂದು. ವಾಚಕರೇ, ಈ ಮಾತನ್ನು ಒಪ್ಪುವ ಮೊದಲು ತಾವು ಫಾರ್ಮ್‌ವಿಲ್ ಊರಿಗೆ ಒಮ್ಮೆ ಹಿಂದಿರುಗಿ ಬರಬೇಕು.

ಡೊರೊಥಿಯವರು ಬಿಟ್ಟುಬಂದ ಮೋಟನ್ ಶಾಲೆಯನ್ನು ೧೮೦ ಮಕ್ಕಳಿಗೆಂದು ಕಟ್ಟಿದ್ದರು. ಅಲ್ಲಿ ೪೫೦ಕ್ಕೂ ಮಿಕ್ಕಿ ಮಕ್ಕಳು ಸೇರಿದರು. ಮಿಕ್ಕವರಿಗೆ ಟಾರುಕಾಗದ ಹೊದಿಸಿದ ಷೆಡ್ಡುಗಳಲ್ಲಿ ಪಾಠ. ೧೯೫೧ರ ಏಪ್ರಿಲಿನಲ್ಲಿ ಬಾರ್ಬರಾ ಜಾನ್ಸ್ ಎಂಬ ಹದಿನಾರು ವರ್ಷದ ವಿದ್ಯಾರ್ಥಿನಿಯ ಮುಂದಾಳುತನದಲ್ಲಿ ಮಕ್ಕಳೆಲ್ಲ ತರಗತಿ ಬಿಟ್ಟು ಹೊರನಡೆದರು. ಅವರ ಮೊಕದ್ದಮೆ ಇತರ ಊರುಗಳ ಮೊಕದ್ದಮೆಗಳೊಡನೆ ಸೇರಿ ಸರ್ವೋಚ್ಚ ನ್ಯಾಯಾಲಯ ಮುಟ್ಟಿತು; ಶಾಲೆಗಳಲ್ಲಿ ಬಣ್ಣದ ಮೇಲೆ ಮಕ್ಕಳನ್ನು ಬೇರೆಯಿಡುವುದು ಸಂವಿಧಾನಕ್ಕೆ ವಿರುದ್ಧವೆಂದು ೧೯೫೪ರ ಮೇ ೧೭ರಂದು ತೀರ್ಪಾಯಿತು. ಆ ಊರಿರುವ ಪ್ರಿನ್ಸ್ ಎಡ್ವರ್ಡ್ ಸೀಮೆಯ ಅಧಿಕಾರಿಗಳು ಏನು ಮಾಡಿದರು ಗೊತ್ತೆ? ಕಪ್ಪು ಮಕ್ಕಳನ್ನೂ ಬಿಳಿಯ ಮಕ್ಕಳನ್ನೂ ಒಟ್ಟಿಗೆ ಕೂರಿಸುವುದಕ್ಕಿಂತ ಶಾಲೆಯೇ ಇಲ್ಲದಿರುವುದು ಲೇಸೆಂದು, ೧೯೫೯ರಲ್ಲಿ ಸೀಮೆಯ ಸಾರ್ವಜನಿಕ ಶಾಲೆಗಳನ್ನೆಲ್ಲ ಮುಚ್ಚಿಬಿಟ್ಟರು. ಬಿಳಿಯ ಮಕ್ಕಳಿಗೆ ಖಾಸಗಿ ಶಾಲೆ ಎದ್ದಿತು. ಕಪ್ಪು ಮಕ್ಕಳಲ್ಲಿ ಕೆಲವರು ನೆಂಟರ ಊರಿಗೆ ಹೋದರು. ಅನೇಕರು ಮನೆಯಲ್ಲಿ ಉಳಿದರು. ಮತ್ತೆ ಶಾಲೆ ತೆರೆದದ್ದು ನ್ಯಾಯಾಲಯದ ಆಜ್ಞೆಯಾದ ಬಳಿಕ, ೧೯೬೪ರಲ್ಲಿ.

ಈ ಇಸವಿಗಳನ್ನು ಹಿಂದಿನ ಇಸವಿಗಳ ಪಕ್ಕದಲ್ಲಿ ಇಟ್ಟು ನೋಡಿ. ಕ್ಯಾಥರೀನ್ ಅವರ ವರದಿ ೧೯೬೦ರದು. ಗ್ಲೆನ್ ಸುತ್ತಿ ಬಂದದ್ದು ೧೯೬೨ರಲ್ಲಿ. ಅದೇ ವರ್ಜೀನಿಯ ರಾಜ್ಯದ ಒಂದು ಮೂಲೆಯಲ್ಲಿ ಕಪ್ಪು ಹೆಂಗಸೊಬ್ಬರು ಮಾಡಿದ ಲೆಕ್ಕವನ್ನು ನಂಬಿ ಮನುಷ್ಯ ಆಕಾಶಕ್ಕೆ ಹಾರಿದ. ಅದೇ ರಾಜ್ಯದ ಇನ್ನೊಂದು ಮೂಲೆಯಲ್ಲಿ ಕಪ್ಪು ಮಗುವೊಂದಕ್ಕೆ ಕೂಡುವ ಲೆಕ್ಕ ಹೇಳಿಕೊಡಲು ಶಾಲೆ ಇರಲಿಲ್ಲ. ಆರು ವರ್ಷದ ಮಗು ಹನ್ನೊಂದು ವರ್ಷದ್ದಾಗುವವರೆಗೆ ಸ್ಲೇಟು ಹಿಡಿಯದಿದ್ದರೆ ಆ ನಷ್ಟ ಎಂಥದೆಂಬುದನ್ನು ನಮ್ಮಂಥ ಮೇಷ್ಟರುಗಳಿಗೆ ಯಾರೂ ವಿವರಿಸಬೇಕಾಗಿಲ್ಲ. ಆ ಮಕ್ಕಳ ನಡುವೆ ಇನ್ನೊಬ್ಬ ಡೊರೊಥಿ ಇದ್ದಳೋ ಏನೋ. ಶಾಲೆ ಮುಚ್ಚಿದವರು ಅದನ್ನು ತಿಳಿಯುವ ದಾರಿಯನ್ನೂ ಮುಚ್ಚಿದರು.

ಆದ್ದರಿಂದ ಪ್ರತಿಭೆ ತಾನಾಗಿಯೇ ಮೇಲೆ ಬರುತ್ತದೆಂಬುದು ಸರಿಯಲ್ಲ. ಈ ಮೂವರ ಬುದ್ಧಿ ಅವರದೇ, ಶ್ರಮವೂ ಅವರದೇ. ಅದರ ಜೊತೆಗೆ ಒಬ್ಬೊಬ್ಬರ ಕಥೆಯಲ್ಲಿಯೂ ಯಾರೋ ಒಂದು ಬಾಗಿಲು ತೆಗೆದಿದ್ದಾರೆ: ಮನೆ ಎತ್ತಿದ ತಂದೆ, ಒಬ್ಬಳಿಗಾಗಿ ಪಾಠ ಬರೆದ ಅಧ್ಯಾಪಕ, ಮುಂದೆ ಓದು ಎಂದ ಎಂಜಿನಿಯರು, ಮೆರವಣಿಗೆಗೆ ಸಿದ್ಧವಾಗಿ ನಿಂತ ಕಾರ್ಮಿಕರು. ಕೊಂಡಾಡುವಾಗ ಸಾಧಿಸಿದವರೊಡನೆ ಇವರನ್ನೂ ನೆನೆಯಬೇಕು. ತೆರೆಯದೆ ಉಳಿದ ಬಾಗಿಲುಗಳ ಆಚೆ ನಿಂತವರನ್ನೂ ಎಣಿಸಬೇಕು. ಹೀಗೆ ಎಣಿಸದ ಸನ್ಮಾನ ಅರ್ಧಕ್ಕೆ ನಿಲ್ಲಿಸಿದ ಲೆಕ್ಕದಂತೆ.

ಸನ್ಮಾನಗಳೇನೋ ಬಂದುವು, ತಡವಾಗಿ. ಕ್ಯಾಥರೀನ್ ಅವರಿಗೆ ೨೦೧೫ರಲ್ಲಿ, ತೊಂಬತ್ತೇಳನೆಯ ವಯಸ್ಸಿನಲ್ಲಿ, ಅಧ್ಯಕ್ಷರ ಸ್ವಾತಂತ್ರ್ಯ ಪದಕ ದೊರೆಯಿತು; ಅವರು ೨೦೨೦ರಲ್ಲಿ ತೀರಿಕೊಂಡರು. ೨೦೧೯ರಲ್ಲಿ ಶಾಸನಸಭೆ ಮೂವರಿಗೂ ಚಿನ್ನದ ಪದಕ ಘೋಷಿಸಿದಾಗ ಡೊರೊಥಿಯವರು ತೀರಿ ಹನ್ನೊಂದು ವರ್ಷ, ಮೇರಿಯವರು ತೀರಿ ಹದಿನಾಲ್ಕು ವರ್ಷ ಆಗಿತ್ತು. ವಾಷಿಂಗ್‌ಟನ್ನಿನ ನಾಸಾ ಕೇಂದ್ರ ಕಚೇರಿಗೆ ಮೇರಿ ಜ್ಯಾಕ್ಸನ್ ಅವರ ಹೆಸರಿಡುವುದಾಗಿ ೨೦೨೦ರಲ್ಲಿ ಪ್ರಕಟಿಸಿದರು.

ಆ ಹೆಸರಿಗೆ ಆಕೆ ತಕ್ಕವರು ಎಂಬುದಕ್ಕೆ ವಾಯುಸುರಂಗದ ವರದಿಗಳಷ್ಟೇ ಸಾಕ್ಷಿಯಲ್ಲ. ೧೯೭೯ರಲ್ಲಿ ಮೇರಿ ತಮ್ಮ ಎಂಜಿನಿಯರ್ ಹುದ್ದೆಯನ್ನು ತಾವಾಗಿಯೇ ಬಿಟ್ಟು, ಅದಕ್ಕಿಂತ ಕೆಳಗಿನ ದರ್ಜೆಯ ಬೇರೊಂದು ಹುದ್ದೆಗೆ ಇಳಿದರು. ಹೆಂಗಸರ ನೇಮಕವನ್ನೂ ಬಡ್ತಿಯನ್ನೂ ನೋಡಿಕೊಳ್ಳುವ ಕೆಲಸ ಅದು. ತಮಗೊಮ್ಮೆ ಅಪ್ಪಣೆ ಬೇಡಿ ದೊರೆತದ್ದು ಮುಂದಿನವರಿಗೆ ಬೇಡದೆಯೇ ದೊರೆಯಲೆಂದು ಅವರು ೧೯೮೫ರಲ್ಲಿ ನಿವೃತ್ತರಾಗುವವರೆಗೆ ಆ ಹುದ್ದೆಯಲ್ಲಿ ದುಡಿದರು. ಅದಕ್ಕೂ ಹಿಂದೆ, ಹ್ಯಾಂಪ್ಟನ್ನಿನ ಸಮುದಾಯ ಕೇಂದ್ರದಲ್ಲಿ ಕೂಡುತ್ತಿದ್ದ ವಿಜ್ಞಾನ ಸಂಘದ ಮಕ್ಕಳಿಗೆ ನೆರವಾಗಿ, ಅವರ ಕೈಯಿಂದಲೇ ಒಂದು ಪುಟ್ಟ ವಾಯುಸುರಂಗವನ್ನು ಕಟ್ಟಿಸಿದ್ದರು.

ಮನೆಯಲ್ಲಿ ಸಂಜೆ ನಾಲ್ಕು ಮಕ್ಕಳು ಸೇರುವುದು ಸಹಜ. ಅವರಲ್ಲಿ ಲೆಕ್ಕವೆಂದರೆ ಕಣ್ಣರಳಿಸುವ ಮಗು ಯಾರ ಮನೆಯದೇ ಆಗಿರಲಿ, ಅದು ಮುಂದಿನ ತರಗತಿಗೆ ಹೋಗುತ್ತಿದೆಯೇ ಎಂದು ತಾವು ಒಂದು ಮಾತು ಕೇಳಿ. ಇಲ್ಲವೆಂದರೆ, ಏಕಿಲ್ಲವೆಂದು ಎರಡನೆಯ ಮಾತು ಕೇಳಿ.